ನೈರೋಬಿ ಹೊತ್ತಿ ಉರೀತಿದೆಯಂತೆ, ನೀನೆಲ್ಲಿದೀಯೋ?

ಕೆನ್ಯಾಗೆ ಆಫೀಸ್ ಕೆಲ್ಸದ ಮೇಲೆ ಹೊರಟಿದೀನಿ ಅಂದಾಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, "ಸೇಫಾ ಮಾರಾಯ ಅದು?" ಯೆಲ್ಲೋ ಫೀವರ್ ಇಂಜೆಕ್ಷನ್ ತಗೊಂಡ್ಯಾ ಅಂತ ಮಾತ್ರ ಒಬ್ರೂ ಕೇಳ್ಲಿಲ್ಲ. ಅದನ್ನ ಹೊರಡೋಕೆ 10 ದಿನ ಮುಂಚೆನೇ ಹಾಕಿಸ್ಕೊಂಡಿರ್ಬೇಕು, ಒಂದ್ಸಲ ಹಾಕಿಸಿದ್ರೆ ಆ ಹಳದಿ ಕಾರ್ಡು ಜೀವನಪೂರ್ತಿ ನಡೆಯುತ್ತೆ, ಇಲ್ದೆ ವಾಪಸ್ ಬಂದ್ರೆ ನಮ್ಮ ಏರ್‌ಪೋರ್ಟಲ್ಲೇ ಹಿಡ್ಕೊಂಡು 6 ದಿನದವರೆಗೂ ಕ್ವಾರಂಟೈನ್‌ಗೆ ಹಾಕಬಹುದು. ಇನ್ನು ಮಲೇರಿಯಾ, ನೈರೋಬಿ ಎತ್ತರದ ಊರು ಅಲ್ಲಿ ಕಮ್ಮಿ, ಮೊಂಬಾಸಾ ಕಡೆ ಹೋಗೋದಾದ್ರೆ ಡಾಕ್ಟರ್ ಹತ್ರ ಕೇಳಿ ಮಾತ್ರೆ ತಗೋಬೇಕು. ಜೂನ್‌ನಲ್ಲಿ ನೈರೋಬಿಗೆ ಹೋಗೋರು ಸ್ವೆಟರ್ ಮರೀಬೇಡಿ, ಆಫ್ರಿಕಾ ಅಂದ್ರೆ ಬಿಸಿಲು ಅನ್ಕೊಂಡು ಹೋದ್ರೆ ನಡುಗ್ತೀರಾ.

ಈಗ ಆ ದಿನದ ಕಥೆ. 2024 ಜೂನ್ 25, ಮಂಗಳವಾರ. ಹೊಸ ಟ್ಯಾಕ್ಸ್‌ಗಳ ಫೈನಾನ್ಸ್ ಬಿಲ್ ವಿರುದ್ಧ ಕಾಲೇಜು ವಯಸ್ಸಿನ ಹುಡುಗ್ರು ಒಂದು ವಾರದಿಂದ ಬೀದಿಗಿಳಿದಿದ್ರು, ಅವತ್ತು ಪಾರ್ಲಿಮೆಂಟಲ್ಲಿ ವೋಟಿಂಗು. ನನಗೆ ಮಧ್ಯಾಹ್ನ ಟೌನ್‌ನಲ್ಲಿ, ಅಂದ್ರೆ ಪಾರ್ಲಿಮೆಂಟ್ ಇರೋ ಊರ ಮಧ್ಯಭಾಗದಲ್ಲೇ, ಕ್ಲೈಂಟ್ ಮೀಟಿಂಗ್. ಉಳ್ಕೊಂಡಿದ್ದು ಪಾರ್ಕ್‌ಲ್ಯಾಂಡ್ಸ್‌ನಲ್ಲಿ, ಗುಜರಾತಿಗಳು ಜಾಸ್ತಿ ಇರೋ ಏರಿಯಾ. ಬೆಳಿಗ್ಗೆ ಕೆಳಗಿಳಿದ್ರೆ ಗೇಟಲ್ಲಿದ್ದ ಅಸ್ಕಾರಿ, ಅಂದ್ರೆ ವಾಚ್‌ಮನ್, ಕಿವಿಗೆ ಒಂದು ಸಣ್ಣ ರೇಡಿಯೋ ಒತ್ಕೊಂಡು ಕೂತಿದ್ದ. ಟೌನ್‌ಗಾ ಅಂತ ಕೇಳ್ದ, ಹೌದು ಅಂದೆ, ತಲೆ ಅಲ್ಲಾಡಿಸ್ದ. "ಹಪಾನಾ. ಇವತ್ತು ಬೇಡ ಬಾಸ್, ಮಟಾಟುಗಳೇ ಓಡ್ತಿಲ್ಲ ಆ ಕಡೆ." ಅಲ್ಲಿನ ಪ್ರೈವೇಟ್ ವ್ಯಾನ್‌ಗಳು ಅವು, ದುಡ್ಡು ಸಿಗೋ ಕಡೆ ಎಂಥ ಟ್ರಾಫಿಕ್ ಇದ್ರೂ ನುಗ್ತವೆ, ಅವೇ ಹೋಗ್ತಿಲ್ಲ ಅಂದ್ಮೇಲೆ ಇನ್ನೇನು ಬೇಕು, ಕ್ಲೈಂಟ್‌ಗೆ ಮೆಸೇಜ್ ಹಾಕಿ ಮೀಟಿಂಗ್ ಮುಂದಕ್ಕೆ ಹಾಕ್ಸಿದೆ.

ಮಧ್ಯಾಹ್ನದ ಹೊತ್ತಿಗೆ ಲೋಕಲ್ ಟಿವಿಲಿ ಲೈವ್. ಬಿಲ್ ಪಾಸಾಯ್ತು, ಜನ ಪಾರ್ಲಿಮೆಂಟ್ ಒಳಗೇ ನುಗ್ಗಿದ್ರು, ಒಂದು ಭಾಗಕ್ಕೆ ಬೆಂಕಿ ಬಿತ್ತು, ಪೊಲೀಸರು ಗುಂಡು ಹಾರಿಸಿ ಜನ ಸತ್ರು. ಅಷ್ಟೊತ್ತಿಗೆ ಅಮ್ಮನ ಫೋನು. "ನೈರೋಬಿ ಹೊತ್ತಿ ಉರೀತಿದೆಯಂತೆ, ನೀನೆಲ್ಲಿದೀಯೋ?" ನಾನು ಬಾಲ್ಕನಿಯಲ್ಲಿ ಚಹಾ ಕುಡೀತಿದ್ದೆ, ಎದುರು ಬಿಲ್ಡಿಂಗಲ್ಲಿ ಒಬ್ಬಾಕೆ ಬಟ್ಟೆ ಒಣಗ್ಹಾಕ್ತಿದ್ರು. ಸುಳ್ಳು ಹೇಳ್ತಿದೀನಿ ಅಂತಾನೇ ಅಮ್ಮ ಅನ್ಕೊಂಡ್ಲು. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆ ಆದಾಗ ದೆಹಲಿ ಚಾನೆಲ್‌ನೋರು ಇಡೀ ಬೆಂಗಳೂರೇ ಉರೀತಿದೆ ಅಂತ ತೋರಿಸಿದ್ದು ನೆನಪಿದೆಯಲ್ಲ, ಮೈಸೂರು ರೋಡ್ ಕಡೆ ಬೆಂಕಿ ಬಿದ್ದಿದ್ದು ನಿಜ, ಆದ್ರೆ ಎಷ್ಟೋ ಏರಿಯಾದೋರು ಮನೇಲಿ ಕೂತು ಟಿವಿ ನೋಡ್ತಿದ್ರು, ಹಂಗೇ ಇದೂ. ಹಂಗಂತ ಹಗುರವಾಗಿ ತಗೊಳ್ಳೋ ದಿನ ಅಲ್ಲ ಅದು, ಪಾರ್ಲಿಮೆಂಟ್ ಇರೋದು ನಮ್ಮಿಂದ ಕೆಲವೇ ಕಿಲೋಮೀಟರ್ ದೂರ.

ನಮ್ಮ ಹೈಕಮಿಷನ್ನೂ ಅವತ್ತೇ ಎಕ್ಸ್‌ನಲ್ಲಿ ಹಾಕಿತ್ತು, ಅಗತ್ಯ ಇಲ್ದೆ ಓಡಾಡ್ಬೇಡಿ, ಗಲಾಟೆ ಇರೋ ಜಾಗಕ್ಕೆ ಹೋಗ್ಬೇಡಿ, ಲೋಕಲ್ ನ್ಯೂಸ್ ನೋಡ್ತಿರಿ ಅಂತ. ಆ ಪೇಜ್ ಫಾಲೋ ಮಾಡೋಕೆ ಕಾಸೇನೂ ಬೇಡ. ಹೋಗೋ ಮುಂಚೆನೇ ಮಾಡ್ಕೊಳಿ ಯಾಕಂದ್ರೆ ಸಂಜೆ ಹೊತ್ತಿಗೆ ಇಂಟರ್ನೆಟ್ಟೇ ಕುಂಟೋಕೆ ಶುರುವಾಯ್ತು, ವಾಟ್ಸಾಪಲ್ಲಿ ಫೋಟೋ ಓಪನ್ ಆಗ್ತಿಲ್ಲ, ಕ್ಯಾಬ್ ಆ್ಯಪ್ ಸುತ್ತುತ್ತಾನೇ ಇದೆ. ಎಂ-ಪೆಸಾ, ಅಂದ್ರೆ ಅಲ್ಲಿನೋರು ಮೊಬೈಲಲ್ಲೇ ದುಡ್ಡು ಕೊಡೋ ವ್ಯವಸ್ಥೆ, ಅದು ಮಾತ್ರ ನಡೀತಿತ್ತು. ನಮ್ಮ ಯುಪಿಐ ಆ್ಯಪ್‌ಗಳಿಗೆ ಡೇಟಾ ಬೇಕು, ಎಂ-ಪೆಸಾ ಸಿಮ್ ಮೆನುವಿನಿಂದಲೇ ಓಡುತ್ತೆ, ನಂಬರ್ ಒತ್ತಿ ಪಿನ್ ಹಾಕಿದ್ರೆ ಎಸ್ಸೆಮ್ಮೆಸ್ ಬರುತ್ತೆ ಅಷ್ಟೆ. ಪಾಸ್‌ಪೋರ್ಟ್ ತೋರಿಸಿ ಮೊದಲ ದಿನವೇ ಲೋಕಲ್ ಸಿಮ್ ಮಾಡಿಸಿದ್ದು ಅವತ್ತು ಕೈ ಹಿಡೀತು, ಗೇಟ್ ಪಕ್ಕದ ಪುಟ್ಟ ಅಂಗಡಿಯಲ್ಲಿ ಬ್ರೆಡ್ಡು, ಹಾಲು ತಗೊಂಡು ಮೇಲೆ ಬಂದೆ. ಅಮ್ಮನಿಗೂ ಎಸ್ಸೆಮ್ಮೆಸ್ಸೇ, ಊಟ ಆಯ್ತು ಮಲಗು ಅಂತ.

ಮಾರನೇ ದಿನ ಅಧ್ಯಕ್ಷ ರುಟೋ ಬಿಲ್‌ಗೆ ಸೈನ್ ಹಾಕಲ್ಲ ಅಂದ್ರು. ಇನ್ನೇನು ಮುಗೀತಲ್ಲ, ಗುರುವಾರ ಹೋಗ್ಲಾ ಅಂತ ನಮ್ಮ ಅಸ್ಕಾರಿಯನ್ನ ಕೇಳಿದ್ರೆ, ಅವತ್ತೂ ಮೆರವಣಿಗೆ ಇದೆ ಶುಕ್ರವಾರ ಹೋಗಿ ಅಂದ. ಹಂಗೇ ಆಯ್ತು, ಗುರುವಾರ ಮತ್ತೆ ಟಿಯರ್ ಗ್ಯಾಸು. ಶುಕ್ರವಾರ ಟೌನ್‌ಗೆ ಹೋದಾಗ ರೋಡಲ್ಲಿ ಟ್ರಾಫಿಕ್ ಜಾಮ್, ಮಟಾಟುಗಳ ಹಾರ್ನು, ಕ್ಲೈಂಟ್ ಚಹಾ ತರಿಸಿ ನಿಮ್ಮ ಕೊಟೇಶನ್ ಜಾಸ್ತಿಯಾಯ್ತು ಅಂತ ಚೌಕಾಸಿಗೆ ಕೂತ.