ಹಿಗ್ಗುವ ಪೈಪಿನ ಆಯಸ್ಸು

ಒಡೆದುಹೋದ ಪೈಪೊಂದನ್ನು ಜಗಲಿಯ ಮೇಲೆ ಹಾಕಿಕೊಂಡು ಕತ್ತರಿಯಿಂದ ಉದ್ದಕ್ಕೂ ಸೀಳಿ ನೋಡಿದ ಮೇಲೆಯೇ, ಅದನ್ನು ಹೇಗೆ ಬಾಳಿಸಬೇಕಾಗಿತ್ತು ಎಂಬುದು ನನಗೆ ತಿಳಿದದ್ದು. ಆ ಪಾಠ ಪೂರ್ತಿಯಾಗುವಷ್ಟರಲ್ಲಿ ಎರಡು ವರ್ಷಗಳಲ್ಲಿ ಎರಡು ಪೈಪುಗಳನ್ನು ಕಳೆದುಕೊಂಡಿದ್ದೆ. ಮೂರನೆಯದು ಈಗ ನಾಲ್ಕನೆಯ ಬೇಸಿಗೆಯನ್ನು ಕಾಣುತ್ತಿದೆ.

ಅಂಗಡಿಯವರು ಮ್ಯಾಜಿಕ್ ಪೈಪ್ ಎಂದು ಮಾರುವ, ನೀರು ಬಿಟ್ಟಾಗ ಮೂರು ಪಟ್ಟು ಉದ್ದವಾಗಿ, ನೀರು ಹೋದೊಡನೆ ಎರೆಹುಳುವಿನಂತೆ ಮುದುಡಿಕೊಳ್ಳುವ ಪೈಪಿನ ಮಾತಿದು. ಅಮೆರಿಕದ ಮೈಕಲ್ ಬೆರಾರ್ಡಿ ಎಂಬವರು 2012ರಲ್ಲಿ ಇಂಥ ಪೈಪಿಗೆ ಪೇಟೆಂಟ್ ಪಡೆದರು. ನಮ್ಮ ಶಿವಮೊಗ್ಗದ ಅಂಗಡಿಗಳಲ್ಲಿ ಈಗ ಸಿಗುವವೂ ಬಹುಪಾಲು ಅದೇ ರಚನೆಯವು. ಒಳಗೆ ಹಾಲುಬಣ್ಣದ ರಬ್ಬರ್ ಕೊಳವೆ, ಹೊರಗೆ ಪಾಲಿಯೆಸ್ಟರ್ ನೂಲಿನಿಂದ ನೇಯ್ದ ಉದ್ದನೆಯ ಚೀಲ. ಎರಡೂ ತುದಿಗಳಲ್ಲಿ ಮಾತ್ರ ಒಂದಕ್ಕೊಂದು ಬಿಗಿದಿರುತ್ತವೆ, ನಡುವೆ ಎಲ್ಲಿಯೂ ಅಂಟಿರುವುದಿಲ್ಲ. ಚೀಲದ ಉದ್ದ 15 ಮೀಟರ್, ಕೊಳವೆಯದು 5 ಮೀಟರ್ ಮಾತ್ರ. ಆದ್ದರಿಂದ ಲಂಗಕ್ಕೆ ಲಾಡಿ ಎಳೆದಾಗ ಬಟ್ಟೆ ನೆರಿಗೆಗಟ್ಟುವಂತೆ ಹೊರಚೀಲ ಕೊಳವೆಯ ಮೇಲೆ ನೆರಿಗೆಯಾಗಿ ಕೂತಿರುತ್ತದೆ. ನೀರಿನ ಒತ್ತಡ ಕೊಳವೆಯನ್ನು ಉದ್ದಕ್ಕೂ ಅಡ್ಡಕ್ಕೂ ಹಿಗ್ಗಿಸುತ್ತ ಹೋಗಿ, ನೆರಿಗೆಗಳೆಲ್ಲ ಬಿಚ್ಚಿ ಮುಗಿದಾಗ ಚೀಲವು ಅದನ್ನು ತಡೆದು ನಿಲ್ಲಿಸುತ್ತದೆ. ಅಂದರೆ ನೀರನ್ನು ಹಿಡಿದಿಡುವುದು ರಬ್ಬರ್, ಒತ್ತಡವನ್ನು ಹೊರುವುದು ಬಟ್ಟೆ. ಇಷ್ಟು ಗೊತ್ತಿದ್ದರೆ ಈ ಪೈಪಿನ ಅರ್ಧ ಸ್ವಭಾವ ಗೊತ್ತಾದಂತೆಯೇ.

ಮೊದಲನೆಯದನ್ನು ನಾನು ಕೊಂಡದ್ದು ವಿನೋಬನಗರದ ನಮ್ಮ ಮನೆಯ ತಾರಸಿಯ ಕುಂಡಗಳಿಗೆ ನೀರು ಹಾಕಲು. ತಂದು ಜೋಡಿಸಿ ನಲ್ಲಿ ತಿರುಗಿಸಿದರೆ ಪೈಪು ಸ್ವಲ್ಪ ಉಬ್ಬಿತೇ ಹೊರತು ಉದ್ದವಾಗಲಿಲ್ಲ. ಮೋಸವಾಯಿತೆಂದು ಅಂಗಡಿಗೆ ಹಿಂದಿರುಗಿಸಲು ಹೊರಟವನನ್ನು ಪೆಟ್ಟಿಗೆಯ ಮೇಲಿದ್ದ ಒಂದು ಸಾಲು ತಡೆಯಿತು: ಪೂರ್ತಿ ಹಿಗ್ಗಬೇಕಾದರೆ 3 ಬಾರ್ ಒತ್ತಡ ಬೇಕು. ನೀರಿನ ಮಟ್ಟ ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು 1 ಬಾರ್ ಒತ್ತಡ ದೊರೆಯುತ್ತದೆ ಎಂಬುದು ಶಾಲೆಯಲ್ಲಿ ಓದಿದ್ದೇ. ನಮ್ಮ ತಾರಸಿಯ ನಲ್ಲಿಗೂ ಅದರ ಪಕ್ಕದಲ್ಲೇ ಕಟ್ಟೆಯ ಮೇಲಿರುವ ಸಿಂಟೆಕ್ಸಿನ ನೀರಿಗೂ ಇರುವ ಅಂತರ 2 ಮೀಟರ್, ಅಂದರೆ 0.2 ಬಾರ್, ಕೆಳಗೆ ಹಿತ್ತಲಿನ ನಲ್ಲಿಗೆ ಬಂದರೂ 0.7 ಬಾರ್ ದಾಟುವುದಿಲ್ಲ. ತಪ್ಪು ಪೈಪಿನದಲ್ಲ, ನಮ್ಮ ಮನೆಯ ಎತ್ತರದ್ದು. ಇದರೊಂದಿಗೆ ಇನ್ನೊಂದು ವಿಷಯವೂ ಇದೆ. ಪೈಪಿನ ತುದಿ ತೆರೆದೇ ಇದ್ದರೆ ಒಳಗೆ ಒತ್ತಡ ನಿಲ್ಲುವುದಿಲ್ಲವಾದ್ದರಿಂದ ಎಷ್ಟು ರಭಸದ ನೀರಿದ್ದರೂ ಅದು ಹಿಗ್ಗದು. ತುದಿಗೆ ನೀರು ಚಿಮ್ಮಿಸುವ ಗನ್ ಸಿಕ್ಕಿಸಿ ಅದನ್ನು ಮುಚ್ಚಿದಾಗಲೇ ಅದು ಮೈ ಚಾಚುವುದು. ಸಿಂಟೆಕ್ಸ್ ನೀರನ್ನೇ ನಂಬಿದ ಮನೆಯವರು, ಒತ್ತಡ ಹೆಚ್ಚಿಸುವ ಸಣ್ಣ ಪಂಪು ಇಲ್ಲದಿದ್ದರೆ, ಇದನ್ನು ಕೊಳ್ಳದಿರುವುದೇ ಲೇಸು. ಹಳೆಯ ಹಸಿರು ಪಿವಿಸಿ ಪೈಪು ಅವರಿಗೆ ಸಾಕು.

ಹೀಗೆ ನಿರುಪಯೋಗಿಯಾಗಿದ್ದ ಪೈಪನ್ನು ತೀರ್ಥಹಳ್ಳಿ ಕಡೆಯ ಅಕ್ಕನ ಮನೆಗೆ ಒಯ್ದುಕೊಟ್ಟೆ. ಅಲ್ಲಿ ಅಬ್ಬಿ ನೀರು. ಮನೆಯ ಹಿಂದಿನ ಗುಡ್ಡದ ಒರತೆಯಿಂದ ಹಿಂದೆ ಅಡಿಕೆ ದಂಬೆಯಲ್ಲಿ ಹರಿದು ಬರುತ್ತಿದ್ದ ನೀರು ಈಗ ಕಪ್ಪು ಪೈಪಿನಲ್ಲಿ ಅಂಗಳಕ್ಕೆ ಇಳಿಯುತ್ತದೆ. ಒರತೆಗೂ ಅಂಗಳಕ್ಕೂ 40 ಮೀಟರ್ ಇಳಿಜಾರಾದರೂ ಇದ್ದೀತು. ಕರೆಂಟು, ಮೋಟರು ಯಾವುದರ ಹಂಗೂ ಇಲ್ಲದೆ ಸುಮಾರು 4 ಬಾರ್ ಒತ್ತಡ. ನಲ್ಲಿ ತಿರುಗಿಸಿದ್ದೇ ತಡ, ನೆರಿಗೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತ ಪೈಪು ಅಂಗಳ ದಾಟಿ ಕೊಟ್ಟಿಗೆಯವರೆಗೆ ಹರಿದುಹೋಯಿತು. “ಎಂಥ ಮಾರಾಯ ಇದು, ಕುಡಿದಷ್ಟೂ ಬೆಳೀತದಲ್ಲ!” ಎಂದು ಭಾವ ಬೆರಗಾದರು. ನಾನೂ ಹೆಮ್ಮೆಯಿಂದಲೇ ಊರಿಗೆ ಮರಳಿದೆ.

ಮೂರು ತಿಂಗಳಿಗೆ ಅಕ್ಕನ ಫೋನು ಬಂತು. ನಡುಮಧ್ಯಾಹ್ನ, ಯಾರೂ ಮುಟ್ಟದಿದ್ದಾಗ, ಪಟಾಕಿಯಂತೆ ಸದ್ದು ಮಾಡಿ ಒಡೆಯಿತಂತೆ. ಮುಂದಿನ ಸಲ ಹೋದಾಗ ವಿಚಾರಿಸಿದರೆ ಕಾರಣ ಅಲ್ಲೇ ಇತ್ತು. ಅಬ್ಬಿ ನೀರಿನ ಮನೆಗಳಲ್ಲಿ ನಲ್ಲಿ ನಿಲ್ಲಿಸುವ ರೂಢಿ ಕಡಿಮೆ. ನೀರಿಗೆ ಬರವಿಲ್ಲ, ಬಿಲ್ಲೂ ಇಲ್ಲ. ಹಾಗಾಗಿ ತುದಿಯ ಗನ್ನನ್ನು ಮಾತ್ರ ಮುಚ್ಚಿ, ನಲ್ಲಿಯನ್ನು ತೆರೆದೇ ಬಿಟ್ಟು, ಪೈಪು ಹಗಲೂ ರಾತ್ರಿ ಪೂರ್ತಿ ಹಿಗ್ಗಿದ ಸ್ಥಿತಿಯಲ್ಲೇ ಅಂಗಳದಲ್ಲಿ ಮೂರು ತಿಂಗಳು ಬಿದ್ದುಕೊಂಡಿತ್ತು.

ಆಗಲೇ ಅದನ್ನು ಸೀಳಿ ನೋಡಿದ್ದು. ನಲ್ಲಿಯಿಂದ ಒಂದು ಗೇಣು ದೂರದಲ್ಲಿ ಕೊಳವೆ ಹರಿದಿತ್ತು. ಆ ಹರಿದ ಜಾಗದ ಆಸುಪಾಸಿನಲ್ಲೆಲ್ಲ, ಹಳೆಯ ಸೈಕಲ್ ಟೈರಿನ ಬದಿಯಲ್ಲಿ ಕಾಣುವಂಥ ಸಣ್ಣ ಸಣ್ಣ ಬಿರುಕುಗಳು ಕೊಳವೆಯ ಉದ್ದಕ್ಕೆ ಅಡ್ಡಲಾಗಿ ಒಂದರ ಪಕ್ಕ ಒಂದು ಗೀರು ಎಳೆದಂತೆ ಮೂಡಿದ್ದವು. ಈ ಅಡ್ಡಗೀರುಗಳೇ ಕಥೆಯನ್ನು ಹೇಳುತ್ತವೆ. ನೈಸರ್ಗಿಕ ರಬ್ಬರಿನ ಉದ್ದನೆಯ ಅಣುಸರಪಳಿಗಳಲ್ಲಿ ಇಂಗಾಲದ ಜೋಡಿಬಂಧಗಳು ಇವೆ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಓಜೋನ್ ಆ ಬಂಧಗಳನ್ನು ಹುಡುಕಿಕೊಂಡು ಹೋಗಿ ಕತ್ತರಿಸುತ್ತದೆ. ರಬ್ಬರ್ ಸಡಿಲವಾಗಿ ಬಿದ್ದಿದ್ದರೆ ಮೇಲ್ಪದರ ಮಾತ್ರ ಕೆಟ್ಟು ಅದೇ ಒಳಗಿನದಕ್ಕೆ ಹೊದಿಕೆಯಾಗುತ್ತದೆ. ಆದರೆ ಹಿಗ್ಗಿಸಿ ಹಿಡಿದಿದ್ದರೆ ಕತ್ತರಿಸಿದ ಪ್ರತಿಯೊಂದು ಬಂಧವೂ ಎಳೆತಕ್ಕೆ ಬಾಯಿ ಬಿಟ್ಟು ಬಿರುಕಾಗಿ, ಆ ಬಿರುಕಿನ ತಳದ ಹೊಸ ರಬ್ಬರ್ ಮತ್ತೆ ಓಜೋನಿಗೆ ಸಿಗುತ್ತದೆ. ಬಿರುಕುಗಳು ಎಳೆತದ ದಿಕ್ಕಿಗೆ ಅಡ್ಡವಾಗಿಯೇ ಬೀಳುವುದು ಇದರಿಂದ. ಬಿಸಿಲಿನ ಶಾಖ ಇದನ್ನೆಲ್ಲ ಚುರುಕುಗೊಳಿಸುತ್ತದೆ. ಅದೂ ಹಿಗ್ಗಿದ ಪೈಪಿನೊಳಗೆ ನಿಂತ 3 ಲೀಟರ್‌ನಷ್ಟು ನೀರು ಮಧ್ಯಾಹ್ನಕ್ಕೆ ಸ್ನಾನದ ನೀರಿನಷ್ಟು ಕಾದರೆ ಕೊಳವೆಗೆ ಒಳಗಿನಿಂದಲೂ ಶಾಖ. ನಲ್ಲಿಯ ಬುಡದಲ್ಲೇ ಹರಿಯಲು ಇನ್ನೊಂದು ಕಾರಣವಿದೆ: ಪೈಪು ಅಲ್ಲಿ ಬಾಗಿ ಇಳಿಯುತ್ತದೆ, ಎಳೆದಾಡುವಾಗಿನ ಎಳೆತವೆಲ್ಲ ಅಲ್ಲಿಗೇ ಬಂದು ತಾಗುತ್ತದೆ.

ಇಲ್ಲಿಂದ ನನಗೆ ಸ್ಪಷ್ಟವಾದದ್ದು, ಈ ಪೈಪಿನ ಆಯಸ್ಸನ್ನು ಕೊಂಡ ದಿನದಿಂದ ಎಣಿಸಬಾರದು, ಅದು ಹಿಗ್ಗಿಕೊಂಡಿದ್ದ ಗಂಟೆಗಳಿಂದ ಎಣಿಸಬೇಕು ಎಂಬುದು. ದಿನಕ್ಕೆ ಅರ್ಧ ಗಂಟೆ ನೀರು ಹಾಕುವವರ ಪೈಪು ಮೂರು ತಿಂಗಳಲ್ಲಿ 45 ಗಂಟೆ ಹಿಗ್ಗಿರುತ್ತದೆ. ಭಾವನ ಅಂಗಳದ್ದು ಅಷ್ಟೇ ಕಾಲದಲ್ಲಿ 2,160 ಗಂಟೆ ಹಿಗ್ಗಿತ್ತು. ಪೈಪು ಕಳಪೆಯೆಂದು ತಯಾರಕರನ್ನು ಬೈಯುವ ಮೊದಲು ಈ ಲೆಕ್ಕವನ್ನು ನಾನು ಮಾಡಬೇಕಾಗಿತ್ತು.

ಎರಡನೆಯ ಪೈಪು ಸತ್ತ ಬಗೆ ಮಾತ್ರ ಪೂರಾ ಮಲೆನಾಡಿನದು. ನಲ್ಲಿ ನಿಲ್ಲಿಸುವುದನ್ನು ಎಲ್ಲರೂ ಕಲಿತಿದ್ದರು, ಪೈಪನ್ನು ನೆರಳಿಗೆ ಎತ್ತಿಡುತ್ತಲೂ ಇದ್ದರು. ಮಳೆಗಾಲದ ಮುಂಚೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಕೆಲಸ ನಡೆಯಿತು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಇದು ಶೇಕಡಾ 1ರ ಬೋರ್ಡೋ ದ್ರಾವಣ. ನಮ್ಮ ಕಡೆಯ ಮಕ್ಕಳಿಗೂ ಬಾಯಿಪಾಠ. ಔಷಧಿ ಕದಡಿದ ಡ್ರಮ್ಮಿನ ಪಕ್ಕದಲ್ಲೇ ಪೈಪು ಹಾಸಿತ್ತು, ಡ್ರಮ್ಮು ತೊಳೆದದ್ದೂ ಅದರಿಂದಲೇ. ನೀಲಿ ನೀರು ಹೊರಚೀಲದ ನೆರಿಗೆಗಳಲ್ಲಿ ಇಂಗಿ ಅಲ್ಲಿಯೇ ಒಣಗಿತು. ಒಂದು ಮಳೆಗಾಲ ಕಳೆದು ತೆಗೆದರೆ ಕೊಳವೆ ಅಲ್ಲಲ್ಲಿ ಜಿಗುಟಾಗಿ, ಬೆಲ್ಲದ ಪಾಕ ಮೆತ್ತಿದಂತೆ ಚೀಲಕ್ಕೆ ಅಂಟಿಕೊಂಡಿತ್ತು. ನೀರು ಬಿಟ್ಟ ಕೂಡಲೇ ಮೂರು ಕಡೆ ಸೋರಿತು.

ಮೈಲುತುತ್ತವೆಂದರೆ ತಾಮ್ರದ ಲವಣ, ತಾಮ್ರವು ರಬ್ಬರಿಗೆ ವಿಷ. ಅದು ರಬ್ಬರ್ ಗಾಳಿಯ ಆಮ್ಲಜನಕದೊಡನೆ ಸೇರಿ ಕೊಳೆಯುವ ಕ್ರಿಯೆಯನ್ನು ವೇಗಗೊಳಿಸುತ್ತದೆ, ಅಣುಸರಪಳಿಗಳು ತುಂಡಾಗಿ ರಬ್ಬರ್ ಮೆತ್ತಗಾಗಿ ಜಿಗುಟಾಗುತ್ತದೆ. ಸಾಂದ್ರಗೊಳಿಸಿದ ರಬ್ಬರ್ ಹಾಲಿನ ಅಂತರರಾಷ್ಟ್ರೀಯ ಮಾನದಂಡದಲ್ಲಿ ಒಂದು ಕಿಲೋ ಘನಾಂಶಕ್ಕೆ 8 ಮಿಲಿಗ್ರಾಂಗಿಂತ ಹೆಚ್ಚು ತಾಮ್ರ ಇರಕೂಡದೆಂದು ಮಿತಿ ಹಾಕಿರುವುದು ಈ ಕಾರಣಕ್ಕೇ. ನಾವು ಅದರ ಮೈಮೇಲೆ ಮೈಲುತುತ್ತವನ್ನು ಲೋಟಗಟ್ಟಲೆ ಸುರಿದಿದ್ದೆವು. ಅಡಿಕೆ ತೋಟವುಳ್ಳವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು: ಔಷಧಿ ಹೊಡೆಯುವ ದಿನ ಹಿಗ್ಗುವ ಪೈಪು ಮನೆಯೊಳಗೆ ಇರಲಿ, ಡ್ರಮ್ಮಿಗೆ ಪಿವಿಸಿ ಪೈಪು ಬರಲಿ. ಸೀಮೆಎಣ್ಣೆ, ಪೆಟ್ರೋಲು, ಗ್ರೀಸು ಇವೂ ರಬ್ಬರಿಗೆ ಆಗದು. ಕಳೆ ಕೊಚ್ಚುವ ಯಂತ್ರದ ಪಕ್ಕದಲ್ಲಿ ಪೈಪನ್ನು ಇಡುವ ಅಭ್ಯಾಸ ಬಿಡಬೇಕು. ಬಚ್ಚಲ ಹಂಡೆಯ ಬಿಸಿನೀರನ್ನು ಇದರಲ್ಲಿ ಹರಿಸುವುದಂತೂ ಬೇಡವೇ ಬೇಡ.

ಮೂರನೆಯದನ್ನು ಕೊಂಡ ದಿನವೇ ನೀರಿಲ್ಲದಾಗಿನ ಅದರ ಉದ್ದವನ್ನು ಟೇಪು ಹಿಡಿದು ಅಳೆದು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ: 5 ಮೀಟರ್ 10 ಸೆಂಟಿಮೀಟರ್. ರಬ್ಬರ್ ದಣಿದಂತೆಲ್ಲ ಅದು ಮೊದಲಿನಷ್ಟು ಹಿಂದಕ್ಕೆ ಮುದುಡದು, ಖಾಲಿಯಿದ್ದಾಗಿನ ಉದ್ದ ಮೆಲ್ಲಮೆಲ್ಲನೆ ಏರುತ್ತದೆ. ಈ ಯುಗಾದಿಗೆ ಅಳೆದಾಗ 5 ಮೀಟರ್ 45 ಇತ್ತು. ಹೆಂಡತಿಗೆ ಇದು ನಗೆಯ ವಿಷಯ, ಮೊಮ್ಮಗುವಿನ ಎತ್ತರವನ್ನೂ ಇಷ್ಟು ಶ್ರದ್ಧೆಯಿಂದ ಗುರುತು ಹಾಕಿಲ್ಲವೆಂದು ಅವಳ ದೂರು. ಆದರೆ ಒಡೆಯುವ ಮುನ್ನ ಈ ಪೈಪು ಕೊಡುವ ಸೂಚನೆ ಇದೊಂದೇ. ಹೊರಚೀಲದ ಮರೆಯಲ್ಲಿರುವ ಬಿರುಕು ಕಣ್ಣಿಗೆ ಬೀಳುವುದಿಲ್ಲ.

ನೀರು ಹಾಕಿ ಮುಗಿದ ಮೇಲೆ ಮೊದಲು ನಲ್ಲಿಯನ್ನು ನಿಲ್ಲಿಸಿ, ಆಮೇಲೆ ಗನ್ನಿನ ಗುಂಡಿಯನ್ನು ಒತ್ತಿ ಹಿಡಿಯುತ್ತೇನೆ. ಪೈಪು ತಾನೇ ಹಿಂಡಿಕೊಂಡು ನೀರನ್ನು ಹೊರಕ್ಕೆ ತಳ್ಳುತ್ತದೆ. ಪೂರ್ತಿ ಮುದುಡಿದ ಮೇಲೂ ಒಂದಿಷ್ಟು ನೀರು ಉಳಿಯುವುದರಿಂದ ಗನ್ನನ್ನು ಬಿಚ್ಚಿ ಒಂದು ತುದಿಯನ್ನು ಎತ್ತಿ ಹಿಡಿದು ಇಳಿಸುತ್ತೇನೆ. ಮೊಳೆಗೆ ನೇತು ಹಾಕಿದರೆ ಕೊಳವೆ ಮಡಿಕೆಯಾದ ಜಾಗದಲ್ಲೇ ಸವೆಯುತ್ತದೆ, ಹಾಗಾಗಿ ಅಡಿಭಾಗ ತೂತಾದ ಒಂದು ಹಳೆಯ ಬಕೆಟ್ಟೇ ಅದರ ಮನೆ. ಎಳೆಯುವಾಗ ಜಂಬಿಟ್ಟಿಗೆ ಕಟ್ಟೆಯ ಅಂಚಿಗೂ ಕಾಗದದ ಹೂವಿನ ಮುಳ್ಳಿಗೂ ತಾಗದಂತೆ ನೋಡಿಕೊಳ್ಳಬೇಕು. ಚೀಲದ ನೂಲು ಎಲ್ಲಾದರೂ ಹರಿದು ಒಂದು ಬೆರಳು ತೂರುವಷ್ಟು ಕಿಂಡಿಯಾದರೆ ಒತ್ತಡವನ್ನು ಹೊರುವವರು ಅಲ್ಲಿ ಯಾರೂ ಇಲ್ಲವಾಗಿ, ಕೊಳವೆ ಬಲೂನಿನಂತೆ ಹೊರಕ್ಕೆ ಉಬ್ಬಿ ಒಡೆಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಗಿಡಕ್ಕೆ ನೀರು ಹಾಕುವ ಮಾತೇ ಇಲ್ಲ. ಆ ನಾಲ್ಕು ತಿಂಗಳಲ್ಲಿ ಒದ್ದೆ ಚೀಲಕ್ಕೆ ಬೂಸ್ಟು ಹಿಡಿಯುತ್ತದೆ. ಬೂಸ್ಟು ಪಾಲಿಯೆಸ್ಟರನ್ನು ತಿನ್ನದಿದ್ದರೂ ವಾಸನೆ ಬಿಡದು. ಮೇ ಕೊನೆಯಲ್ಲೇ ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಎರಡು ದಿನ ಒಣಗಿಸಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಇಡುವುದು ನನ್ನ ಪದ್ಧತಿ. ತಗಡಿನದೇ ಯಾಕೆಂದರೆ ಅಟ್ಟದ ಇಲಿಗಳಿಗೆ ರಬ್ಬರ್ ಕಡಿಯುವುದೆಂದರೆ ಹಬ್ಬ.

ಬೋರ್‌ವೆಲ್ ಮೋಟರಿನ ಬಾಯಿಗೇ ಇದನ್ನು ಸಿಕ್ಕಿಸುವವರೂ ಇದ್ದಾರೆ. ಮೋಟರ್ ಎದ್ದ ಕ್ಷಣದ ಹೊಡೆತಕ್ಕೆ, ಅದೂ ಗನ್ ಮುಚ್ಚಿದ್ದರೆ, ಹೊಸ ಪೈಪೂ ನಿಲ್ಲುವುದು ಕಷ್ಟ.

ರಿಪೇರಿಯ ಮಾತಿಗೆ ಬಂದರೆ, ನಡುವೆ ಒಡೆದದ್ದಕ್ಕೆ ಪಂಕ್ಚರ್ ಅಂಗಡಿಯ ತೇಪೆ ಹಾಕಿಸಿ ನಾನು ಪಶ್ಚಾತ್ತಾಪ ಪಟ್ಟಿದ್ದೇನೆ. ಕೊಳವೆ ಮೂರು ಪಟ್ಟು ಹಿಗ್ಗುತ್ತದೆ, ತೇಪೆ ಅಷ್ಟು ಹಿಗ್ಗುವುದಿಲ್ಲ, ಅಂಚು ಕಿತ್ತು ಬರುತ್ತದೆ. ನಲ್ಲಿಯ ಬುಡದಲ್ಲಿ ಹರಿದಿದ್ದರೆ ಮಾತ್ರ ಉಪಾಯವಿದೆ. ಆ ಒಂದು ಗೇಣನ್ನು ಕತ್ತರಿಸಿ ತೆಗೆದು, ಉಳಿದ ಕೊಳವೆಯನ್ನು ಹಿತ್ತಾಳೆಯ ಜೋಡಣೆಯ ಮೂತಿಗೆ ಏರಿಸಿ, ಅದರ ಮೇಲೆ ಚೀಲವನ್ನೂ ಎಳೆದು ಕ್ಲಿಪ್ ಬಿಗಿದರೆ ಪೈಪು ಒಂದೆರಡು ಅಡಿ ಕಡಿಮೆಯಾಗಿ ಬದುಕುತ್ತದೆ. ಜೋಡಣೆ ಪ್ಲಾಸ್ಟಿಕ್ಕಿನದಾಗಿದ್ದು ಅಂಟಿಸಿದ್ದಾಗಿದ್ದರೆ ಈ ಅವಕಾಶವೂ ಇಲ್ಲ. ಕೊಳ್ಳುವಾಗ ಸ್ವಲ್ಪ ದುಬಾರಿಯಾದರೂ ಸ್ಕ್ರೂ ಬಿಚ್ಚಿ ತೆಗೆಯಬಹುದಾದ ಹಿತ್ತಾಳೆ ಜೋಡಣೆಯನ್ನೇ ನಾನು ಆರಿಸುವುದು ಅದಕ್ಕೇ.

ಸೀಳಿದ ಮೊದಲ ಪೈಪಿನ ಹೊರಚೀಲವನ್ನು ಅಕ್ಕ ದನದ ಹಗ್ಗಕ್ಕೆ ಸೇರಿಸಿ ಹೆಣೆದುಕೊಂಡಳು. ಕೊಳವೆಯ ಬಿರುಕಿಲ್ಲದ ಭಾಗವನ್ನು ಭಾವ ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ಇಟ್ಟುಕೊಂಡಿದ್ದಾರೆ, ಮಾವಿಗೆ ಕಸಿ ಕಟ್ಟುವುದಕ್ಕೆ. ಪ್ಲಾಸ್ಟಿಕ್ ಪಟ್ಟಿಯಾದರೆ ಕಸಿ ಕೂಡಿದ ಮೇಲೆ ಮರೆಯದೆ ಬಿಚ್ಚಬೇಕು, ಇಲ್ಲವಾದರೆ ಕಾಂಡ ಬಲಿತಂತೆ ಕತ್ತು ಹಿಸುಕುತ್ತದೆ. ರಬ್ಬರ್ ಪಟ್ಟಿ ಹಾಗಲ್ಲ. ಕಾಂಡದ ಜೊತೆಗೆ ಹಿಗ್ಗುತ್ತದೆ, ಹಿಗ್ಗಿಕೊಂಡೇ ಬಿಸಿಲು ಗಾಳಿಗೆ ನಿಂತು, ಕೆಲವು ತಿಂಗಳಿಗೆ ಅದೇ ಅಡ್ಡಗೀರುಗಳು ಮೂಡಿ ತಾನಾಗಿಯೇ ಹರಿದು ಬೀಳುತ್ತದೆ.