ಇಪ್ಸಿ ಅನ್ನಿ, ಯಿಪ್ಸಿ ಅನ್ನಬೇಡಿ

ನಾನಿರುವ ಊರಿನ ಹೆಸರು ಅಮ್ಮನ ಬಾಯಿಗೆ ಇನ್ನೂ ಬಂದಿಲ್ಲ. ಯಾರಾದರೂ ಕೇಳಿದರೆ ‘ಡೆಟ್ರಾಯಿಟ್ ಹತ್ರ’ ಅಂದು ಮುಗಿಸುತ್ತಾರೆ. ಊರು ಇಪ್ಸಿಲಾಂಟಿ. ಮಿಶಿಗನ್ ರಾಜ್ಯ, ಹ್ಯೂರನ್ ನದಿಯ ದಂಡೆ. ಇಂಗ್ಲಿಷಿನಲ್ಲಿ ‘ವೈ’ ಅಕ್ಷರದಿಂದ ಶುರುವಾಗುತ್ತದೆ, ಅದೇ ತಾಪತ್ರಯ. ಬಂದ ಹೊಸದರಲ್ಲಿ ಬಸ್ ಹತ್ತಿ ‘ಯಿಪ್ಸಿಲಾಂಟಿ’ ಅಂದೆ. ಡ್ರೈವರ್ ನಕ್ಕು ‘ಇಪ್ಸಿ’ ಅಂತ ತಿದ್ದಿದರು. ಊರವರು ಮೊಟಕಾಗಿ ಕರೆಯುವುದೇ ಹಾಗೆ. ಆದರೆ ‘ಇಲ್ಲಿ’ಯನ್ನೂ ‘ಯಿಲ್ಲಿ’ ಅನ್ನುವ ನಾಲಿಗೆ ನಮ್ಮದು ನೋಡಿ, ಆ ‘ಯ’ ಹೇಗೋ ತೂರಿಕೊಂಡು ಬಂದುಬಿಡುತ್ತದೆ.

ಇಲ್ಲಿನ ಮೂಲನಿವಾಸಿಗಳು ಇಟ್ಟ ಹೆಸರಿರಬೇಕು ಅಂದುಕೊಂಡಿದ್ದೆ. ಅಲ್ಲ, ಅದು ಗ್ರೀಕರ ಮನೆತನದ ಹೆಸರು! ಊರಲ್ಲಿ 1890ರಲ್ಲಿ ಕಟ್ಟಿ ಮುಗಿಸಿದ ಕಲ್ಲಿನ ನೀರಿನ ಗೋಪುರವಿದೆ, 147 ಅಡಿ ಎತ್ತರ. (ಅದರ ಆಕಾರದ ಬಗ್ಗೆ ಇಲ್ಲಿನವರು ಮಾಡುವ ತಮಾಷೆಯನ್ನು ಅಮ್ಮನಿಗೆ ಹೇಳಿಲ್ಲ.) ಅದರ ಬುಡದಲ್ಲಿ ಗ್ರೀಸ್ ಮತ್ತು ಅಮೆರಿಕದ ಬಾವುಟಗಳ ನಡುವೆ ಒಬ್ಬನ ಎದೆಮಟ್ಟದ ಪ್ರತಿಮೆ. ಅವನೇ ದಿಮಿತ್ರಿಯೋಸ್ ಇಪ್ಸಿಲಾಂಟಿ.

ತುರ್ಕರ ಆಳ್ವಿಕೆಯ ವಿರುದ್ಧ ಗ್ರೀಕರು ದಂಗೆಯೆದ್ದಾಗ ಮೊದಲು ಸದ್ದು ಮಾಡಿದವನು ಇವನ ಅಣ್ಣ ಅಲೆಕ್ಸಾಂಡರ್. ರಷ್ಯಾದ ಸೈನ್ಯದಲ್ಲಿದ್ದು, 1813ರಲ್ಲಿ ಡ್ರೆಸ್ಡೆನ್ ಯುದ್ಧದಲ್ಲಿ ಒಂದು ಕೈ ಕಳೆದುಕೊಂಡಿದ್ದವನು. 1821ರಲ್ಲಿ ರಷ್ಯಾದ ಗಡಿಯ ಪ್ರುತ್ ನದಿ ದಾಟಿ ತುರ್ಕರ ಅಧೀನದ ನಾಡಿಗೆ ನುಗ್ಗಿದ, ಕೆಲವೇ ತಿಂಗಳಲ್ಲಿ ಸೋತ. ಆಸ್ಟ್ರಿಯಾದವರು ಹಿಡಿದು ಸೆರೆಯಲ್ಲಿಟ್ಟರು. 1828ರಲ್ಲಿ ವಿಯೆನ್ನಾದಲ್ಲಿ ತೀರಿಹೋದ. ತಮ್ಮ ಮಾತ್ರ ಗ್ರೀಸ್‌ನಲ್ಲೇ ಕೊನೆತನಕ ಕಾದಾಡಿದ. ಯುದ್ಧದ ಕೊನೆಯ ಕಾಳಗ, 1829ರಲ್ಲಿ ಪೆಟ್ರಾ ಎಂಬಲ್ಲಿ, ಗೆದ್ದದ್ದೂ ಅವನೇ.

ನನಗೆ ಜಾಸ್ತಿ ಹಿಡಿಸಿದ್ದು 1825. ಆ ವರ್ಷ ಜೂನ್‌ನಲ್ಲಿ ಗ್ರೀಸ್‌ನ ಲೆರ್ನಾದ ಹಿಟ್ಟಿನ ಗಿರಣಿಗಳ ಹತ್ತಿರ ಅವನು, ತುರ್ಕರ ಪರ ಕಾದಲು ಬಂದಿದ್ದ ಈಜಿಪ್ಟಿನ ಸೇನಾಪತಿ ಇಬ್ರಾಹಿಂ ಪಾಷಾನ ದಂಡನ್ನು ತಡೆದು ನಿಂತಿದ್ದ. ಅದೇ ವರ್ಷ ಇಲ್ಲಿ ಆಗಸ್ಟಸ್ ವುಡ್‌ವರ್ಡ್ ಎಂಬ ನ್ಯಾಯಾಧೀಶರು ಹೊಸ ಊರಿನ ನಕ್ಷೆಗೆ ಅವನ ಹೆಸರಿಟ್ಟರು. ಬದುಕಿದ್ದಾಗಲೇ, ತಾನು ಕಾಲೇ ಇಡದ ನಾಡಿನಲ್ಲಿ!

ಮೊನ್ನೆ ವಿಡಿಯೊ ಕಾಲ್‌ನಲ್ಲಿ ಅಮ್ಮನಿಗೆ ಪ್ರತಿಮೆ ತೋರಿಸಿದೆ. ತಲೆ ಮೇಲೆ ಹಿಮ ಕೂತಿತ್ತು.

‘ಯಾರೋ ಅದು?’

‘ಇಪ್ಸಿಲಾಂಟಿ ಅಮ್ಮಾ.’

‘ಅದು ನಿಮ್ಮೂರಿನ ಹೆಸರಲ್ವೇನೋ? ಅವನ ಹೆಸರು ಹೇಳು’ ಅಂದರು.