ಸಿಲ್ಫ್ರಾದಲ್ಲಿ ಒದ್ದೆಯಾದ ಒಂದು ತೋಳು

ಸಿಲ್ಫ್ರಾದ ತಣ್ಣೀರಿಗೆ ಡೈವ್ ಮಾಡಲು ಇಳಿಯುವ ಮುಂಚೆ ಪಾರ್ಕಿಂಗ್ ಜಾಗದಲ್ಲಿ ಬಟ್ಟೆ ಹಾಕಿಕೊಳ್ಳುವುದೇ ಒಂದು ದೊಡ್ಡ ಕೆಲಸ. ಮೊದಲು ಮೈಗಂಟುವ ಥರ್ಮಲ್. ಅದರ ಮೇಲೆ ರಜಾಯಿಗೆ ಕೈಕಾಲು ಹೊಲಿದಂತಿರುವ ದಪ್ಪನೆಯ ಒಳಉಡುಪು. ಕೊನೆಗೆ ಡ್ರೈಸೂಟ್, ಅಂದರೆ ಒಳಗೆ ನೀರು ಬಿಡದ ಡೈವಿಂಗ್ ಉಡುಪು. ಕಾಲು ಹೋಯಿತು, ಕೈ ಹೋಯಿತು. ನೀರು ತಡೆಯಲು ಬಿಗಿಯಾಗಿ ಕೂರುವ ರಬ್ಬರ್ ಪಟ್ಟಿ, ಅದೇ ಕತ್ತಿನ ಸೀಲ್, ಬಂತು ನೋಡಿ, ಅಲ್ಲಿ ಸಿಕ್ಕಿಹಾಕಿಕೊಂಡೆ. ತಲೆ ಅರ್ಧಕ್ಕೇ ನಿಂತಿತು. ಕಿವಿ ಮಡಚಿಕೊಂಡವು, ಕಣ್ಣೆದುರು ಬರೀ ಕಪ್ಪು ರಬ್ಬರ್. "ತಳ್ಳೋ, ಇನ್ನೊಂಚೂರು ತಳ್ಳು, ಮೂಗು ಬಂತು!" ಅಂತ ಗೆಳೆಯ ಹೊರಗಿನಿಂದ ಕಾಮೆಂಟರಿ ಕೊಡುತ್ತಿದ್ದ.

ಐಸ್‌ಲ್ಯಾಂಡ್‌ನ ಥಿಂಗ್ವೆಲ್ಲಿರ್ ರಾಷ್ಟ್ರೀಯ ಉದ್ಯಾನದೊಳಗಿನ ಒಂದು ಬಿರುಕು ಈ ಸಿಲ್ಫ್ರಾ. ಉತ್ತರ ಅಮೆರಿಕ ಮತ್ತು ಯುರೇಷ್ಯಾದ ಭೂಫಲಕಗಳು ವರ್ಷಕ್ಕೆ ಸುಮಾರು 2 ಸೆಂಟಿಮೀಟರ್‌ನಷ್ಟು ದೂರ ಸರಿಯುತ್ತಿರುವ ಜಾಗ. ಲಾಂಗ್‌ಯೋಕುಲ್ ಹಿಮನದಿ ಕರಗಿದ ನೀರು ಲಾವಾ ಬಂಡೆಗಳೊಳಗೆ ಹತ್ತಾರು ವರ್ಷ ಸೋಸಿಕೊಂಡು ಇಲ್ಲಿಗೆ ಬರುತ್ತದೆ. ಅದಕ್ಕೇ ನೀರಿನೊಳಗೆ ನೂರು ಮೀಟರ್ ದೂರದ ತನಕ ಕಣ್ಣು ಹರಿಯುತ್ತದೆ. ಆದರೆ ವರ್ಷವಿಡೀ ನೀರು 2ರಿಂದ 4 ಡಿಗ್ರಿ ಅಷ್ಟೇ.

ನಾನು ಡೈವಿಂಗ್ ಕಲಿತದ್ದು 28 ಡಿಗ್ರಿಯ ಸಮುದ್ರದಲ್ಲಿ, 3 ಮಿಲಿಮೀಟರ್ ದಪ್ಪದ ವೆಟ್‌ಸೂಟ್ (ಒಳಗೆ ನೀರು ಬಿಡುವ ರಬ್ಬರ್ ಉಡುಪು) ಹಾಕಿಕೊಂಡು. ಇಲ್ಲಿಗೆ ಬರುವ ಯೋಚನೆ ಬಂದಾಗ ನನ್ನ ತಲೆಯಲ್ಲಿದ್ದ ಲೆಕ್ಕ ತೀರಾ ಸುಲಭದ್ದು: 3ರ ಬದಲು 7 ಮಿಲಿಮೀಟರ್ ಹಾಕಿದರಾಯಿತು, ಅಲ್ವಾ? ಇಲ್ಲವಂತೆ. ಇಲ್ಲಿ ಡೈವ್ ಮಾಡಲು ಡ್ರೈಸೂಟ್ ಬೇಕೇ ಬೇಕು. ಅದರ ತರಬೇತಿ ಪಡೆದ ಸರ್ಟಿಫಿಕೇಟನ್ನೋ, ಡ್ರೈಸೂಟ್‌ನಲ್ಲಿ ಮಾಡಿದ 10 ಡೈವ್‌ಗಳ ದಾಖಲೆಯನ್ನೋ ತೋರಿಸಬೇಕು.

ಆಮೇಲೆ ಕೂತು ಓದಿದಾಗ ಕಾರಣ ಹೊಳೆಯಿತು. ಗಾಳಿಗಿಂತ ನೀರು ಮೈಯ ಶಾಖವನ್ನು ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ವೆಟ್‌ಸೂಟ್‌ನೊಳಗೆ ಸೇರುವ ತೆಳ್ಳನೆ ನೀರಿನ ಪದರ ಬೆಚ್ಚಗಾಗಿ ನಮ್ಮನ್ನು ಕಾಪಾಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿ ಕಾಪಾಡುವುದು ನಿಯೋಪ್ರೀನ್ ರಬ್ಬರಿನೊಳಗಿನ ಸಣ್ಣ ಸಣ್ಣ ಗಾಳಿಗುಳ್ಳೆಗಳು. 1950ರ ದಶಕದ ಆರಂಭದಲ್ಲಿ ವೆಟ್‌ಸೂಟ್ ರೂಪಿಸಿದ ಹ್ಯೂ ಬ್ರಾಡ್ನರ್ ಒಬ್ಬ ಭೌತವಿಜ್ಞಾನಿ, ಅವರು ಹಿಡಿದದ್ದೂ ಇದೇ ಅಂಶವನ್ನು. ಆದರೆ 10 ಮೀಟರ್ ಕೆಳಗೆ ಒತ್ತಡ ಎರಡು ಪಟ್ಟಾಗುತ್ತದೆ, ಗುಳ್ಳೆಗಳು ಕುಗ್ಗುತ್ತವೆ, ಸೂಟ್ ತೆಳ್ಳಗಾಗುತ್ತದೆ. ಚಳಿ ಜಾಸ್ತಿಯಾಗುವ ಆಳದಲ್ಲೇ ಸೂಟ್ ಕೈಕೊಡುತ್ತದೆ.

ಡ್ರೈಸೂಟ್‌ನಲ್ಲಿ ಹಾಗಿಲ್ಲ. ಎದೆ ಮೇಲಿನ ಬಟನ್ ಒತ್ತಿ ಟ್ಯಾಂಕಿನ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳಬಹುದು. ಎಡತೋಳಿನ ವಾಲ್ವಿನಿಂದ ಹೊರಗೆ ಬಿಡಬಹುದು. ಕೇಳಲು ಆರಾಮ. ತರಬೇತಿಗೆಂದು ಒಂದು ತಣ್ಣನೆಯ ಕೆರೆಗೆ ಇಳಿದ ಮೊದಲ ದಿನವೇ ಆ ಆರಾಮ ಏನೆಂದು ಗೊತ್ತಾಯಿತು. ಸ್ವಲ್ಪ ತಲೆ ತಗ್ಗಿಸಿದೆ, ಒಳಗಿದ್ದ ಗಾಳಿಯೆಲ್ಲ ಪಾದಗಳಿಗೆ ನುಗ್ಗಿತು. ಬೂಟು ಬಲೂನಿನಂತೆ ಉಬ್ಬಿ ಕಾಲು ಮೇಲೆ, ತಲೆ ಕೆಳಗೆ. ವಾಲ್ವ್ ಇರುವುದು ತೋಳಿನಲ್ಲಿ, ಗಾಳಿ ಇರುವುದು ಕಾಲಿನಲ್ಲಿ! ಮಂಡಿ ಮಡಚಿ, ಉಂಡೆಯಾಗಿ ಉರುಳಿ ನೆಟ್ಟಗಾಗಬೇಕು. ಮೂರನೇ ಸಲಕ್ಕೆ ಸರಿಹೋಯಿತು. ಅಷ್ಟರಲ್ಲಿ ಕೆರೆಯ ಕೆಸರನ್ನೆಲ್ಲ ಕದಡಿಟ್ಟಿದ್ದೆ.

ಸಿಲ್ಫ್ರಾದ ಲೋಹದ ಮೆಟ್ಟಿಲಿಳಿದು ಮುಖ ನೀರಿಗಿಟ್ಟ ತಕ್ಷಣ ತುಟಿಗಳು ಮರಗಟ್ಟಿದವು. ಕೈಗವಸು ಮತ್ತು ತಲೆಗವಸು ಮಾತ್ರ ನಿಯೋಪ್ರೀನ್, ಅಂದರೆ ವೆಟ್‌ಸೂಟಿನ ಜಾತಿ. ಅವುಗಳೊಳಗೆ ನೀರು ಬಂದೇ ಬರುತ್ತದೆ. ಮೈ ಮಾತ್ರ ಬೆಚ್ಚಗೆ. ಕೆಳಗೆ ನೀಲಿ. ಎಂಥ ನೀಲಿ ಅಂದರೆ, ನೀರಿನಲ್ಲಿದ್ದೇನೆ ಅನ್ನುವುದೇ ಮರೆತುಹೋಗಿ ಬೀಳುತ್ತೇನೇನೋ ಎಂಬ ಭಯ. ಬಂಡೆಗಳ ಮೇಲೆ ಹಸಿರು ಪಾಚಿಯ ಎಳೆಗಳು ಕೂದಲಿನಂತೆ ತೂಗುತ್ತಿದ್ದವು. ಮೀನು ಒಂದೂ ಕಾಣಲಿಲ್ಲ. ಕಾಣದಿದ್ದರೂ ಬೇಜಾರೇನೂ ಆಗಲಿಲ್ಲ.

ಕ್ಯಾಥೆಡ್ರಲ್ ಎಂದು ಕರೆಯುವ ಉದ್ದನೆಯ ಭಾಗಕ್ಕೆ ಬಂದಾಗ ಬಲಗೈ ಮಣಿಕಟ್ಟಿನಲ್ಲಿ ಸೂಜಿ ಚುಚ್ಚಿದಂತಾಯಿತು. ಒಂದು ತಣ್ಣನೆಯ ಗೆರೆ ನಿಧಾನಕ್ಕೆ ಮೇಲೇರಿತು. ಮಣಿಕಟ್ಟು, ಮುಂಗೈ, ಆಮೇಲೆ ಮೊಣಕೈ. ಅಲ್ಲಿಂದ ಮುಂದಿನ ಹೊತ್ತೆಲ್ಲ ನಾನು ಎರಡು ಖಂಡಗಳ ನಡುವೆ ಈಜಿದ್ದೇನೋ ಹೌದು. ಗಮನ ಮಾತ್ರ ಒಂದು ತೋಳಿನ ಮೇಲೆ.

ಹೊರಗೆ ಬಂದ ಮೇಲೆ ಗೈಡ್ ನನ್ನ ಕೈಗವಸು ತೆಗೆಸಿ ಮಣಿಕಟ್ಟಿನ ಸೀಲ್ ನೋಡಿದ. ಸೀಲ್ ಹರಿದಿರಲಿಲ್ಲ. ನನ್ನ ಥರ್ಮಲ್ ತೋಳಿನ ಅಂಚು ಬೆರಳಿನಗಲ ಅದರಡಿಗೆ ಬಂದು ನಿಂತಿತ್ತು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಬಟ್ಟೆ ನೀರು ಹೀರಿಕೊಂಡಿತ್ತು. ವೆಟ್‌ಸೂಟ್ ಇಂಥ ತಪ್ಪುಗಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಹೇಗಿದ್ದರೂ ಒದ್ದೆಯೇ ತಾನೇ. (ಅದರೊಳಗೆ ಮೂತ್ರ ಬಂದರೂ ಒಂದು ದಾರಿಯಿದೆ. ನಾನು ಹಾಕಿದ್ದ ಡ್ರೈಸೂಟ್‌ನಲ್ಲಿ ಸುಮ್ನೆ ಹಲ್ಲು ಕಚ್ಚಿ ತಡೆದುಕೊಳ್ಳಬೇಕಿತ್ತು.)

"ನೀನೂ ಒಂದು ಡ್ರೈಸೂಟ್ ತಗೊಂಡ್ಬಿಡು" ಅಂದ ಗೆಳೆಯ. ಅವನ ಎರಡೂ ತೋಳು ಒಣಗಿದ್ದವು. ಹೇಳುವುದು ಸುಲಭ.

ವರ್ಷಕ್ಕೊಮ್ಮೆ ತಣ್ಣೀರಿಗೆ ಬರುವವನು ಯಾಕೆ ಕೊಳ್ಳಬೇಕು? ಮನೆ ಪಕ್ಕದ ನೀರೇ 10 ಡಿಗ್ರಿಗಿಂತ ತಣ್ಣಗಿದ್ದರೆ ಮೊದಲ ದಿನದಿಂದಲೇ ಡ್ರೈಸೂಟ್‌ನಲ್ಲಿ ಕಲಿಯಲಿ, ತಪ್ಪೇನಿಲ್ಲ. ಉಳಿದವರು ಮೊದಲು ವೆಟ್‌ಸೂಟ್‌ನಲ್ಲಿ, ಏಳದೆ ಮುಳುಗದೆ ಒಂದೇ ಆಳದಲ್ಲಿ ನಿಲ್ಲುವುದನ್ನು ಕಲಿಯಲಿ. ತೇಲಲು ಗಾಳಿ ತುಂಬಿಕೊಳ್ಳುವ ಡೈವಿಂಗ್ ಜಾಕೆಟ್ಟಿನ ಗಾಳಿಯನ್ನೇ ಸಂಭಾಳಿಸಲು ಬರದವನಿಗೆ ಮೈತುಂಬ ಗಾಳಿ ಕೊಟ್ಟರೆ ಏನಾಗುತ್ತದೆ ಅಂತ ಆ ಕೆರೆಯಲ್ಲೇ ನೋಡಿದ್ದೇನೆ. ಸಿಲ್ಫ್ರಾದಂಥ ಕಡೆ ಬಾಡಿಗೆಗೆ ಸಿಗುತ್ತದೆ. ಆದರೆ ತರಬೇತಿಯನ್ನು ಮಾತ್ರ ಮುಂಚೆಯೇ ಮುಗಿಸಿಕೊಂಡು ಬನ್ನಿ.

ನನ್ನ ಸ್ವಂತದ್ದು ಇನ್ನೂ ಆ ಹಳೇ 3 ಮಿಲಿಮೀಟರ್ ವೆಟ್‌ಸೂಟೇ. ಮಂಡಿ ಹತ್ತಿರ ಸೀಳಿದೆ, ಅದಕ್ಕೆ ಗೋಂದು ಹಚ್ಚಬೇಕು.